ಹೊಲಿಗೆ ಹಾಕಿದ ಹೊಟ್ಟೆಗಳಿಗೊಂದು ಸಿನಿಮಾ

ತರಕಾರಿ ಅಂಗಡಿಯ ಮುಂದೆ ಸೊಪ್ಪು ಆರಿಸುತ್ತಿದ್ದ ದಪ್ಪನೆಯ ಮನುಷ್ಯರೊಬ್ಬರು ಪಕ್ಕಕ್ಕೆ ಬಂದು ನಿಂತ ಹೆಂಗಸನ್ನು ನೋಡಿದ್ದೇ ತಡ, ಎರಡೂ ಕೈಯಿಂದ ತಮ್ಮ ಹೊಟ್ಟೆ ಒತ್ತಿ ಹಿಡಿದುಕೊಂಡರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗಿತ್ತು. ಅಂಗಡಿಯವನಿಗೆ ಗಾಬರಿ.

"ಏನಾಯ್ತು ಸಾರ್?"

"ಏನಿಲ್ಲಪ್ಪ. ಇವರನ್ನ ನೋಡಿದ್ರೆ ಕೈ ತಾನಾಗೇ ಅಲ್ಲಿಗೆ ಹೋಗುತ್ತೆ."

"ಹೊಲಿಗೆ ಎಲ್ಲಾ ಎಂದೋ ಮಾಗಿದೆ ಅಣ್ಣ, ಈಗ ಧಾರಾಳವಾಗಿ ನಗಬಹುದು," ಎಂದರು ಹೆಂಗಸು, ಬದನೆಕಾಯಿ ತಿರುಗಿಸಿ ನೋಡುತ್ತಾ.

ಊರಿನ ಎಷ್ಟೋ ಹೊಟ್ಟೆಗಳಿಗೆ ಅವರ ಗುರುತಿದೆ. ಆಸ್ಪತ್ರೆಯ ಎರಡನೇ ಮಹಡಿಯಲ್ಲಿರುವ ಗಂಡಸರ ಸರ್ಜರಿ ವಾರ್ಡಿನಲ್ಲಿ ಅವರು ಹಗಲು ಪಾಳಿಯ ಆಯಾ. ಹಾಸಿಗೆ ಬದಲಿಸುವುದು, ಮೈ ಒರೆಸುವುದು, ಬೆಡ್‌ಪ್ಯಾನ್ ಕೊಡುವುದು, ಎಕ್ಸ್‌ರೇಗೆ ಗಾಲಿಕುರ್ಚಿ ತಳ್ಳುವುದು ಅವರ ಕೆಲಸ. ಹಾಜರಿ ಪುಸ್ತಕದಲ್ಲಿ ಅವರಿಗೊಂದು ಹೆಸರಿದೆ. ವಾರ್ಡಿನಲ್ಲಿ ಮಾತ್ರ ಎಲ್ಲರೂ ಕರೆಯುವುದು ದಿಂಬಿನಕ್ಕ ಎಂದು. ಆ ಹೆಸರು ಬಂದದ್ದು ಒಂದು ಸಿನಿಮಾದಿಂದ.

ವಾರ್ಡಿನ ಕೊನೆಯ ಗೋಡೆಯಲ್ಲಿ, ಕಿಟಕಿಗೂ ಔಷಧದ ಬೀರುವಿಗೂ ನಡುವೆ, ಒಂದು ಟಿವಿ ಇದೆ. ಅದಕ್ಕೆ ಕೇಬಲ್ ಇಲ್ಲ. ಹಿಂದೆ ಇತ್ತು, ವಾರ್ತೆ ನೋಡಿ ರೋಗಿಗಳ ಬಿಪಿ ಏರುತ್ತದೆಂದು ದೊಡ್ಡ ಸಿಸ್ಟರ್ ತೆಗೆಸಿಹಾಕಿದರು. ಆಮೇಲೆ ಯಾರೋ ಮನೆಗೆ ಹೋಗುವಾಗ ದಿಂಬಿನ ಕೆಳಗೆ ಒಂದು ಪೆನ್ ಡ್ರೈವ್ ಮರೆತುಹೋದರು. ಅದರಲ್ಲಿ ಎರಡು ಸಿನಿಮಾ ಇದ್ದವು. ಒಂದು ದೆವ್ವದ್ದು. ಇನ್ನೊಂದು ಚಪ್ಪಲಿ ಅಂಗಡಿಯ ಹುಡುಗನದು.

ಆ ಹುಡುಗ ಮಹಾ ಸಂಕೋಚದವನು. ತಲೆ ಎತ್ತಿ ಯಾರ ಮುಖವನ್ನೂ ನೋಡುವುದಿಲ್ಲ, ಬಂದವರನ್ನು ಪಾದ ನೋಡಿಯೇ ಗುರುತು ಹಿಡಿಯುತ್ತಾನೆ. ಮಾಲೀಕ ಬೈದರೆ ಮಾಲೀಕನ ಬೂಟಿಗೆ ಕ್ಷಮೆ ಕೇಳುತ್ತಾನೆ. ಒಂದು ದಿನ ನೀಲಿ ಪಟ್ಟಿಯ ಚಪ್ಪಲಿ ತೊಟ್ಟ ಹುಡುಗಿಯೊಬ್ಬಳು ಬಕಲ್ ರಿಪೇರಿಗೆ ಬರುತ್ತಾಳೆ. ಇವನಿಗೆ ಆ ಪಾದಗಳ ಮೇಲೆ ಪ್ರೀತಿ ಹುಟ್ಟುತ್ತದೆ. ಮುಂದೇನಾಗುತ್ತದೆಂದು ಕಣ್ಣು ಮುಚ್ಚಿಕೊಂಡೇ ಹೇಳಬಹುದು. ಕಾರಿರುವ ಒಬ್ಬ ಪ್ರತಿಸ್ಪರ್ಧಿ ಬರುತ್ತಾನೆ. ಹುಡುಗ ಕನ್ನಡಿಯ ಮುಂದೆ ಮಾತು ಕಲಿಯುತ್ತಾನೆ. ಹೇಳಬೇಕೆಂದು ಬಾಯಿ ತೆರೆದಾಗಲೆಲ್ಲ ಲಾರಿ ಹಾರ್ನ್ ಹೊಡೆಯುತ್ತದೆ, ಮೇಲಿಂದ ಪೆಟ್ಟಿಗೆ ಬೀಳುತ್ತದೆ. ಕೊನೆಗೆ ನಾಲ್ಕು ಜನರ ಮುಂದೆ ತಲೆ ಎತ್ತುತ್ತಾನೆ, ಹೇಳುತ್ತಾನೆ, ಶುಭಂ.

ಆಯಾ ಅದನ್ನು ಮೊದಲ ಸಲ ಹಾಕಿದ ದಿನ ದೊಡ್ಡ ರಂಪವಾಯಿತು. ಆ ವಾರ್ಡಿನಲ್ಲಿರುವವರು ಬಹುಪಾಲು ಹೊಟ್ಟೆ ಕೊಯ್ಸಿಕೊಂಡವರು. ಹರ್ನಿಯ, ಅಪೆಂಡಿಕ್ಸ್, ಪಿತ್ತಕೋಶದ ಕಲ್ಲು, ಕರುಳು. ಹೊಟ್ಟೆ ಹುಣ್ಣಾಗುವ ಹಾಗೆ ನಗುವುದು ಎಂದು ಹೊರಗಿನವರು ಬಾಯಿಮಾತಿಗೆ ಹೇಳುತ್ತಾರೆ; ಅಂದು ಈ ಸಾಲುಗಳಲ್ಲಿ ಜನ ನಗುತ್ತಾ ಅಳುತ್ತಿದ್ದರು, ಅಳುತ್ತಾ "ಆಫ್ ಮಾಡಿ" ಎಂದು ಕೂಗುತ್ತಿದ್ದರು, ಆಫ್ ಮಾಡಹೋದರೆ "ಬೇಡ, ಇರಲಿ" ಎನ್ನುತ್ತಿದ್ದರು. ದೊಡ್ಡ ಸಿಸ್ಟರ್ ಬಂದು ಪೆನ್ ಡ್ರೈವ್ ಕಿತ್ತುಕೊಂಡರು.

ಅದನ್ನು ವಾಪಸ್ ಕೊಡಿಸಿದ್ದು ಫಿಸಿಯೋಥೆರಪಿಯ ಮೇಡಂ. ಹೊಟ್ಟೆಯ ಆಪರೇಶನ್ ಆದವರು ಉಸಿರು ಪೂರ್ತಿ ಎಳೆದು ಕೆಮ್ಮಬೇಕು, ಇಲ್ಲದಿದ್ದರೆ ಕಫ ಎದೆಯಲ್ಲೇ ಉಳಿದು ನ್ಯುಮೋನಿಯ ಆಗುತ್ತದೆ. ನೋವಿಗೆ ಹೆದರಿ ಯಾರೂ ಕೆಮ್ಮುವುದಿಲ್ಲ. ಹೊಲಿಗೆಯ ಮೇಲೆ ದಿಂಬು ಒತ್ತಿ ಹಿಡಿದುಕೊಂಡರೆ ನೋವು ಕಡಿಮೆ. "ಕೆಮ್ಮಿ ಅಂದ್ರೆ ಒಬ್ಬರೂ ಕೆಮ್ಮಲ್ಲ ಸಿಸ್ಟರ್. ನಗು ಬಂದ್ರೆ ಕೆಮ್ಮು ಹಿಂದೇನೇ ಬರುತ್ತೆ. ಸಿನಿಮಾ ಇರಲಿ, ಎಲ್ಲರ ಕೈಗೂ ದಿಂಬು ಕೊಡಿ," ಎಂದರು ಮೇಡಂ. ಆಯಾ ಅದಕ್ಕೆ ಸೇರಿಸಿದ್ದು ಒಂದೇ. ಹಾಸ್ಯ ಬರುವ ಮುಂಚೆ ಅವರು ಬಾಗಿಲ ಬಳಿ ನಿಂತು "ದಿಂಬೂ!" ಎಂದು ಕೂಗುತ್ತಿದ್ದರು. ಎರಡೂ ಸಾಲಿನ ಗಂಡಸರು, ಗಡ್ಡದವರು, ಬೋಳುತಲೆಯವರು, ದಿಂಬನ್ನು ಮಗುವಿನಂತೆ ತಬ್ಬಿಕೊಂಡು ನಗಲು ಸಿದ್ಧರಾಗುತ್ತಿದ್ದರು. ಮುಂದೇನು ಬರುತ್ತದೆಂದು ಗೊತ್ತಿರುವ ಸಿನಿಮಾ ಆದದ್ದರಿಂದಲೇ ಇದು ಸಾಧ್ಯವಾಯಿತು. ಮುಂದೇನೆಂದು ತಿಳಿಯದ ಸಿನಿಮಾ ಆಗಿದ್ದರೆ ಹೊಲಿಗೆ ಬಿಚ್ಚುತ್ತಿತ್ತು.

ಮನೆಯಲ್ಲಿ ಇದು ತಮಾಷೆಯ ವಿಷಯ. ಎರಡು ಕೋಣೆಯ ಮನೆ. ಅವರು, ತಮ್ಮ, ತಮ್ಮನ ಹೆಂಡತಿ. ತಾಯಿ ಬೇಗ ಹೋದದ್ದರಿಂದ ತಮ್ಮನನ್ನು ಬೆಳೆಸಿದ್ದು ಅವರೇ. ಆ ಗಡಿಬಿಡಿಯಲ್ಲಿ ತಮ್ಮದೇ ಮದುವೆಯ ಮಾತು ತಪ್ಪಿಹೋಯಿತು, ಆಮೇಲೆ ಅದನ್ನು ಹುಡುಕಿಕೊಂಡು ಹೋಗಲೂ ಇಲ್ಲ. ತಮ್ಮ ಬೀಗದ ಕೈ ಮಾಡುತ್ತಾನೆ. ಊರವರ ಬೀಗಗಳನ್ನೆಲ್ಲ ತೆರೆಯುವವನ ಬಾಯಿಗೇ ಬೀಗ.

"ಅದೇ ಬೀಗಕ್ಕೆ ಮತ್ತೆ ಮತ್ತೆ ಕೀ ಮಾಡಿಸೋಕೆ ಹೋದೆ," ಎನ್ನುತ್ತಾಳೆ ತಮ್ಮನ ಹೆಂಡತಿ. "ಈ ಮಹಾನುಭಾವರು, 'ಮನೇಲಿ ಯಾರೋ ಕೀ ಕಳೀತಾರೆ, ಹುಷಾರು' ಅಂತ ಬುದ್ಧಿ ಹೇಳಿದ್ರು. ಕೊನೆಗೆ ನಾನೇ ಕೇಳ್ದೆ."

"ಕೇಳಿದ್ಯಲ್ಲ, ಸಾಕು," ಎನ್ನುತ್ತಾನೆ ತಮ್ಮ, ಗೋಡೆಗೆ.

"ಅಕ್ಕ, ನಿಮಗೆ ಬೇಜಾರಾಗಲ್ವಾ ದಿನಾ ಅದೇ ಸಿನಿಮಾ?" ಎನ್ನುತ್ತಾಳೆ ಅವಳು.

ಬೇಜಾರಾಗುವುದಿಲ್ಲ. ಅದಕ್ಕೆ ಅವರು ಕಾರಣವನ್ನೂ ಯೋಚಿಸಿಟ್ಟುಕೊಂಡಿದ್ದಾರೆ. ವಾರ್ಡಿನಲ್ಲಿ ಅನಿರೀಕ್ಷಿತ ಎನ್ನುವುದು ಒಳ್ಳೆಯ ಸುದ್ದಿಯಾಗಿ ಬಂದದ್ದನ್ನು ಅವರು ಕಂಡಿಲ್ಲ. ಬೆಳಿಗ್ಗೆ ಟೀ ಕುಡಿದು ಮಾತಾಡಿಸಿದವರ ಮಂಚ ಮಧ್ಯಾಹ್ನ ಖಾಲಿಯಾಗಿ, ರಬ್ಬರ್ ಶೀಟು ತೊಳೆಯುವುದು ಅವರ ಪಾಲಿಗೆ ಬಂದಿದೆ. ಅಂಥ ಜಾಗದಲ್ಲಿ ಒಬ್ಬ ಹುಡುಗ ನಿನ್ನೆ ಎಡವಿದ ಮೆಟ್ಟಿಲಲ್ಲೇ ಇವತ್ತೂ ಎಡವುತ್ತಾನೆ, ನಿನ್ನೆ ಗೆದ್ದ ಹಾಗೇ ಇವತ್ತೂ ಗೆಲ್ಲುತ್ತಾನೆ ಎನ್ನುವುದು ಸಣ್ಣ ವಿಷಯವಲ್ಲ. ಬಡಪಾಯಿ ಗೆಲ್ಲುವುದು ಖಚಿತವಿರುವ ಜಾಗ ಅದೊಂದೇ, ಅದೂ ಗೋಡೆಯ ಮೇಲೆ.

ಟೈಲ್ಸ್ ಮೇಸ್ತ್ರಿ ವಾರ್ಡಿಗೆ ಬಂದದ್ದು ಕರುಳಿನ ಆಪರೇಶನ್ ಆಗಿ. ಹೊಟ್ಟೆಯ ಮೇಲಿಂದ ಕೆಳಗಿನವರೆಗೆ ಉದ್ದಕ್ಕೆ ಹೊಲಿಗೆ. ಬಡಕಲು ಮೈ, ಗಟ್ಟಿಯಾದ ಮಂಡಿಗಳು. ವರ್ಷಗಟ್ಟಲೆ ಟೈಲ್ಸ್ ಕೊಯ್ದ ಧೂಳು ಎದೆಯಲ್ಲಿತ್ತು, ಬೀಡಿಯೂ ಸೇರಿತ್ತು. ಅವರು ಮಂಚದ ಮೇಲೆ ಅಲುಗಾಡದೆ ಮಲಗಿದರು. ಉಸಿರನ್ನು ಕೂಡ ಮೇಲೆ ಮೇಲೆ, ಮೂಗಿನ ತುದಿಯಲ್ಲಿ ಆಡಿದರು. ಗಂಟಲಲ್ಲಿ ಕಫ ಗೊರಗೊರ ಎನ್ನುತ್ತಿತ್ತು, ಬಿಸಿತುಪ್ಪದ ಹಾಗೆ ನುಂಗಲೂ ಇಲ್ಲ, ಉಗುಳಲೂ ಇಲ್ಲ.

"ಕೆಮ್ಮಿ ಮೇಸ್ತ್ರಿ," ಎಂದರು ಫಿಸಿಯೋ ಮೇಡಂ.

"ಆಗಲ್ಲ ಮೇಡಂ."

"ನೋವಾ?"

"ನೋವಲ್ಲ. ಹೊಸದಾಗಿ ಹಾಕಿದ ನೆಲದ ಮೇಲೆ ಕಾಲಿಡಬಾರದು. ಸಿಮೆಂಟು ಹಿಡಿಯೋವರೆಗೆ ಬೆಕ್ಕು ನಡೆದ್ರೂ ಟೈಲ್ಸ್ ಏಳುತ್ತೆ. ನಾನು ಎಷ್ಟು ಮನೆಯವರಿಗೆ ಹೇಳಿಲ್ಲ ಇದನ್ನ! ನೀವು ನನಗೆ ಕುಣಿ ಅಂತೀರಿ."

ಮೇಡಂ ತಿಳಿಸಿ ಹೇಳಿದರು. ಸರ್ಜನ್ ಬೆಳಗಿನ ಸುತ್ತಿನಲ್ಲಿ ಬೈದು ಹೇಳಿದರು. ಮೇಸ್ತ್ರಿಯ ಹೆಂಡತಿ ಮಂಚದ ಪಕ್ಕದಲ್ಲಿ ನಿಂತೇ ಇದ್ದು, ಕೈ ಮುಗಿದು ಹೇಳಿದರು. ಎಮ್ಮೆಯ ಮೇಲೆ ಮಳೆ ಸುರಿದ ಹಾಗಾಯಿತು. ಮಾರನೆಯ ಬೆಳಿಗ್ಗೆ ಮೇಸ್ತ್ರಿಗೆ ಜ್ವರ. ಸರ್ಜನ್ ಬೆನ್ನಿಗೆ ಸ್ಟೆತೊಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ಹೆಂಡತಿಯನ್ನು ಬಾಗಿಲ ಹತ್ತಿರ ಕರೆದು, ಸಂಜೆಯೊಳಗೆ ಕಫ ಬರದಿದ್ದರೆ ಕೆಳಗೆ ಐಸಿಯುಗೆ ಹಾಕಿ, ಗಂಟಲಿಗೆ ಪೈಪು ಇಳಿಸಬೇಕಾಗುತ್ತದೆ ಎಂದರು.

ಟ್ರಾಲಿಯ ಮೇಲೆ ಹಾಸಿಗೆ ಬಟ್ಟೆ ಪೇರಿಸುತ್ತಿದ್ದ ದಿಂಬಿನಕ್ಕನಿಗೆ ಅದು ಕೇಳಿಸಿತು. ಸರ್ಜನ್ ಹೋದ ಮೇಲೆ ಹೆಂಡತಿ ಅವರ ತೋಳು ಹಿಡಿದರು.

"ಅಕ್ಕ, ಇವರ ಅಣ್ಣನಿಗೂ ಪೈಪು ಹಾಕಿದ್ರು. ಆ ಮೇಲೆ ಅವರು ಮಾತೇ ಆಡಲಿಲ್ಲ. ಹಾಗೇ ಹೋಗಿಬಿಟ್ರು. ಇವರನ್ನ ಕೆಳಗೆ ಕಳಿಸಬೇಡಿ."

"ಅದು ನನ್ನ ಕೈಲಿಲ್ಲಮ್ಮ," ಎಂದರು ದಿಂಬಿನಕ್ಕ. ಮೇಸ್ತ್ರಿಯ ಮಂಚದ ಕಡೆ ನೋಡಿ, "ನಗ್ತಾರಾ ಅವರು?" ಎಂದು ಕೇಳಿದರು.

"ಇವರಾ? ನಮ್ಮ ಮದುವೇಲೂ ನಗಲಿಲ್ಲ. ಮಂಟಪದ ನೆಲ ಇಳಿಜಾರಾಗಿದೆ ಅಂತ ಅದನ್ನೇ ನೋಡ್ತಿದ್ರು."

ಮಧ್ಯಾಹ್ನ ಊಟದ ತಟ್ಟೆಗಳು ಹೋದ ಮೇಲೆ ದಿಂಬಿನಕ್ಕ ಸಿನಿಮಾ ಹಾಕಿದರು. ಮೇಸ್ತ್ರಿಯ ಮಂಚದ ತಲೆಭಾಗ ಎತ್ತಿ, ಬೆನ್ನಿಗೆ ಒತ್ತು ಕೊಟ್ಟು, ಕೈಗೆ ದಿಂಬು ಕೊಟ್ಟರು. ಮೇಸ್ತ್ರಿ ದಿಂಬನ್ನು ಪಕ್ಕಕ್ಕಿಟ್ಟರು.

"ನನಗೆ ಈ ಸಿನಿಮಾ ಗೊತ್ತು."

"ನೋಡಿದ್ದೀರಾ?"

"ನೋಡಬೇಕಾ ಇದನ್ನ? ಹುಡುಗ ಬಡವ. ಹುಡುಗಿ ಬರ್ತಾಳೆ. ಕಾರಿನವನು ಬರ್ತಾನೆ. ಕೊನೆಗೆ ಇವನಿಗೇ ಸಿಗ್ತಾಳೆ. ಮುಗೀತು, ಆಫ್ ಮಾಡಿ."

"ಅಯ್ಯೋ, ನಮಗೆ ಹೇಳಿಬಿಟ್ರಲ್ಲಾ!" ಎಂದರು ಪಕ್ಕದ ಮಂಚದ ಹರ್ನಿಯದ ಬಸ್ ಕಂಡಕ್ಟರ್. ಅವರು ಅದಾಗಲೇ ಆ ಸಿನಿಮಾ ನೋಡಿದ್ದರು. ಸಾಲಿನಲ್ಲಿ ಎರಡು ಮೂರು ದಿಂಬುಗಳು ಅಲುಗಿದವು.

ಸಿನಿಮಾ ಸಾಗಿತು. "ದಿಂಬೂ!" ಎಂದಾಗಲೆಲ್ಲ ವಾರ್ಡು ತಬ್ಬಿಕೊಂಡಿತು, ನಕ್ಕಿತು, ಕೆಮ್ಮಿತು. ಹುಡುಗ ಮಾಲೀಕನ ಬೂಟಿಗೆ ಕ್ಷಮೆ ಕೇಳಿದ. ಕಂಡಕ್ಟರಿಗೆ ಕಣ್ಣಲ್ಲಿ ನೀರು ಬಂತು. ಮೇಸ್ತ್ರಿಯ ಮುಖ ಮಾತ್ರ ಸುಣ್ಣ ಬಳಿದ ಗೋಡೆಯಂತಿತ್ತು. ದಿಂಬಿನಕ್ಕ ಬಾಗಿಲು ಬಿಟ್ಟು ಬಂದು ಅವರ ಮಂಚದ ಕಾಲಿನ ಹತ್ತಿರ ನಿಂತರು. ಪೆಟ್ಟಿಗೆಗಳು ಹುಡುಗನ ತಲೆಯ ಮೇಲೆ ಬಿದ್ದವು, ವಾರ್ಡಿನಲ್ಲಿ ಯಾರಿಂದಲೂ ನಗು ತಡೆಯಲಾಗದ ಜಾಗ ಅದು. ಮೇಸ್ತ್ರಿಯ ತುಟಿಯಂಚು ಕೂಡ ಅಲುಗಲಿಲ್ಲ.

ಇನ್ನು ಇದರಿಂದ ಆಗುವುದಿಲ್ಲ ಎಂದು ದಿಂಬಿನಕ್ಕ ಬಾಗಿಲ ಕಡೆ ಹೊರಡುವಷ್ಟರಲ್ಲಿ ಮೇಸ್ತ್ರಿ ಮೆಲ್ಲಗೆ ಏನೋ ಗೊಣಗಿದರು.

"ಏನಂದ್ರಿ?"

"ಆ ಅಂಗಡಿ ನೆಲ ಯಾವನು ಮಾಡಿದ್ದು? ಬಾಗಿಲ ಹತ್ತಿರ ನೋಡಿ, ಅರ್ಧ ಟೈಲ್ಸ್ ತುಂಡು ತಂದು ಎದುರಿಗೇ ಹಾಕಿದ್ದಾನೆ. ತುಂಡು ಯಾವಾಗ್ಲೂ ಮೂಲೆಗೆ ಹೋಗ್ಬೇಕು."

ದಿಂಬಿನಕ್ಕ ಟಿವಿಯ ಕಡೆ ತಿರುಗಿದರು. ಅಷ್ಟು ಸಲ ನೋಡಿದ್ದರೂ ಅವರು ಅದನ್ನು ಗಮನಿಸಿರಲಿಲ್ಲ. ಹುಡುಗ ತಲೆ ಎತ್ತುವುದಿಲ್ಲವಾದ್ದರಿಂದ ಅರ್ಧ ಸಿನಿಮಾ ತೋರಿಸುವುದು ಬರೀ ನೆಲವನ್ನೇ. ಅಂಗಡಿಯ ನೆಲ, ಮೆಟ್ಟಿಲು, ಬಸ್ ನಿಲ್ದಾಣದ ಕಲ್ಲುಚಪ್ಪಡಿ, ಹುಡುಗಿಯ ಮನೆಯ ಹಜಾರ.

"ಅದು ಹುಡುಗಿ ಮನೆ," ಎಂದರು ಅವರು, ಹಜಾರ ಬಂದಾಗ.

"ಇದು ಕೆಲಸ. ಗೆರೆ ನೋಡಿ, ದಾರ ಹಿಡಿದ ಹಾಗಿದೆ." ಮೇಸ್ತ್ರಿ ತಲೆಯನ್ನು ದಿಂಬಿನಿಂದ ಎತ್ತಿದರು. "ಸ್ವಲ್ಪ ಸರಿಯಮ್ಮ, ಕಾಣಲ್ಲ," ಎಂದು ಹೆಂಡತಿಗೆ ಹೇಳಿದರು. ಗಂಡನ ಮುಖವನ್ನೇ ನೋಡುತ್ತಾ ನಿಂತಿದ್ದ ಆಕೆ ಪಕ್ಕಕ್ಕೆ ಸರಿದರು.

ನೆಲ ನೋಡಲು ಹೊರಟವರಿಗೆ ಕಾಲುಗಳು ಕಂಡವು. ಕಾಲುಗಳ ಜೊತೆಗೆ ಕಥೆ ಬಂತು. ಹುಡುಗಿ ತನ್ನ ನೀಲಿ ಪಟ್ಟಿಯ ಚಪ್ಪಲಿಯನ್ನು ಬಾಗಿಲಲ್ಲಿ ಬಿಟ್ಟು ಒಳಗೆ ಹೋದಳು. ಅವಳ ಸೋದರತ್ತೆ, ಸಿಡುಕಿನ ದಪ್ಪ ಹೆಂಗಸು, ಅಂಗಡಿಗೆ ಹೋಗಲು ಹೊರಗೆ ಬಂದು ಆಚೀಚೆ ನೋಡಿ ಅದೇ ಚಪ್ಪಲಿ ಮೆಟ್ಟಿಕೊಂಡಳು.

"ನೋಡಿ, ನೋಡಿ," ಎಂದರು ಮೇಸ್ತ್ರಿ. "ಈಗ ಈ ಮಂಕ ಅತ್ತೆಗೆ ಹೇಳ್ತಾನೆ."

"ಇರಬಹುದು," ಎಂದರು ದಿಂಬಿನಕ್ಕ, ಗೊತ್ತಿಲ್ಲದವರ ಹಾಗೆ.

ಹುಡುಗ ಬಸ್ ನಿಲ್ದಾಣದಲ್ಲಿ ನಿಂತಿದ್ದ. ಚಪ್ಪಲಿ ಹತ್ತಿರ ಬಂತು. ಅವನ ಕಾಲ್ಬೆರಳು ಮುದುಡಿತು. ಇಷ್ಟು ದಿನ ಲಾರಿ ಹಾರ್ನ್ ಹೊಡೆದಿತ್ತು, ಪೆಟ್ಟಿಗೆ ಬಿದ್ದಿತ್ತು. ಇವತ್ತು ರಸ್ತೆಯೇ ನಿಶ್ಶಬ್ದ. ಅವನು ಉಸಿರೆಳೆದುಕೊಂಡ. ಕನ್ನಡಿಯ ಮುಂದೆ ಕಲಿತದ್ದನ್ನೆಲ್ಲ ಹೇಳಲು ಬಾಯಿ ತೆರೆದ.

ದಿಂಬಿನಕ್ಕನ ಲೆಕ್ಕದಲ್ಲಿ ನಗು ಇನ್ನೂ ದೂರವಿತ್ತು. ಅದು ಬರುವುದು ಅತ್ತೆ ಕೊಡೆ ಎತ್ತಿದ ಮೇಲೆ. ಅವರು ದಿಂಬು ಎನ್ನಲು ಕಾಯುತ್ತಿದ್ದರು.

"ತಲೆ ಎತ್ತೋ!"

ಇಡೀ ವಾರ್ಡು ತಿರುಗಿ ನೋಡಿತು. ಮೇಸ್ತ್ರಿ ಎರಡೂ ಕೈಯಿಂದ ಮಂಚದ ಕಂಬಿ ಹಿಡಿದು ಎದ್ದು ಕೂತಿದ್ದರು.

"ಒಂದು ಸಲ ತಲೆ ಎತ್ತಿ ನೋಡೋ ಮಂಕೇ! ಅವಳಲ್ಲ ಕಣೋ ಅದು, ಅವಳಲ್ಲ—"

ಮಾತು ಅಲ್ಲಿಗೇ ಕಡಿದು ಕೆಮ್ಮು ಬಂತು. ದಿಂಬು ನೆಲದ ಮೇಲೆ ಬಿದ್ದಿತ್ತು. ಅದನ್ನು ಎತ್ತಿಕೊಳ್ಳಲು ಸಮಯವಿರಲಿಲ್ಲ. ದಿಂಬಿನಕ್ಕ ಮಂಚಕ್ಕೆ ಮಂಡಿಯೂರಿ, ಎರಡೂ ಅಂಗೈಯನ್ನು ಅವರ ಹೊಟ್ಟೆಯ ಮೇಲೆ ಅಗಲಿಸಿ ಒತ್ತಿ ಹಿಡಿದರು. ಹೆಂಡತಿ ಬೆನ್ನು ಹಿಡಿದರು. ಮೇಸ್ತ್ರಿ ಕೆಮ್ಮಿದರು, ಮುಖ ಕಪ್ಪಿಟ್ಟಿತು, ಮತ್ತೆ ಕೆಮ್ಮಿದರು. ಆಳದಿಂದ ಎಳೆದುಕೊಂಡು ಬಂದದ್ದನ್ನು ಹೆಂಡತಿ ಹಿಡಿದ ಬಟ್ಟಲಿಗೆ ಉಗುಳಿದರು. ಹಳದಿ, ಅಂಟು, ಬೂದಿಯ ಬಣ್ಣದ ಎಳೆಗಳು. ಇನ್ನೊಂದು ಸಲ. ಮತ್ತೊಂದು ಸಲ. ಗೋಡೆಯ ಮೇಲೆ ಅತ್ತೆ ಕೊಡೆ ಎತ್ತಿ ಹುಡುಗನನ್ನು ಬಡಿಯುತ್ತಿದ್ದಳು, ಯಾರೂ ನೋಡುತ್ತಿರಲಿಲ್ಲ.

ಓಡಿಬಂದ ದೊಡ್ಡ ಸಿಸ್ಟರ್ ಮೊದಲು ಟಿವಿ ಆರಿಸಿದರು, ಆಮೇಲೆ ಹೊಟ್ಟೆಯ ಬ್ಯಾಂಡೇಜು ಬಿಡಿಸಿ ನೋಡಿದರು. ಹೊಲಿಗೆ ಹಾಗೇ ಇತ್ತು. "ಅದಕ್ಕೇನೂ ಆಗಿಲ್ಲ," ಎಂದು ಅವರು ಹೊಸ ಬಟ್ಟೆ ಕಟ್ಟಿದರು. ಬಟ್ಟಲಿನೊಳಗೆ ಇಣುಕಿ, ಏನೂ ಬೈಯದೆ ಹೋದರು.

ಮೇಸ್ತ್ರಿ ಒರಗಿಕೊಂಡು ಉಸಿರು ಸುಧಾರಿಸಿಕೊಂಡರು. ಆಮೇಲೆ ಕೈ ತಡಕಿ ದಿಂಬು ಕೇಳಿದರು. ಹೊಟ್ಟೆಯ ಮೇಲೆ ಇಟ್ಟು, ಒತ್ತಿ, ಸಣ್ಣದಾಗಿ ಕೆಮ್ಮಿ ನೋಡಿದರು.

"ಹಲಗೆ," ಎಂದರು.

"ಯಾವ ಹಲಗೆ?"

"ಹಸಿ ನೆಲದ ಮೇಲೆ ನಡೀಲೇಬೇಕು ಅಂದ್ರೆ ಹಲಗೆ ಹಾಸ್ಕೊಂಡು ನಡೀತೀವಿ. ಭಾರ ಒಂದೇ ಕಡೆ ಬೀಳಲ್ಲ. ಆ ಮೇಡಂ ಹಾಗಂತ ಹೇಳಿದ್ರೆ ನಿನ್ನೇನೇ ಕೆಮ್ತಿದ್ದೆ."

"ಮೇಡಂಗೇನು ಗೊತ್ತು ಮೇಸ್ತ್ರಿ ನಿಮ್ಮ ಹಲಗೆ ವಿಷಯ?" ಎಂದರು ಕಂಡಕ್ಟರ್. "ಅಷ್ಟು ಜೋರಾಗಿ ಕೂಗಿದ್ರಲ್ಲ, ಹುಡುಗನಿಗೆ ಕೇಳಿಸ್ತಾ?"

"ಕೇಳಿಸಲ್ಲ ಅಂತ ನನಗೆ ಗೊತ್ತಿಲ್ವಾ?"

"ಮತ್ತೆ ಯಾಕೆ ಕೂಗಿದ್ದು?"

ಮೇಸ್ತ್ರಿ ದಿಂಬನ್ನು ಇನ್ನಷ್ಟು ಹೊಟ್ಟೆಗೆ ಅವುಚಿಕೊಂಡರು. ದಿಂಬಿನಕ್ಕ ಒದ್ದೆ ಬಟ್ಟೆಯಿಂದ ಅವರ ಕತ್ತು ಒರೆಸುತ್ತಿದ್ದರು. ಕೂಗುವವರನ್ನು ಅವರು ಹಿಂದೆಯೂ ನೋಡಿದ್ದರು. ಎಲ್ಲ ಗೊತ್ತು ಎಂದು ಮೊದಲೇ ಹೇಳಿದವರೇ ಹೆಚ್ಚು ಜೋರಾಗಿ ಕೂಗುತ್ತಾರೆ. ಮುಂದೇನೆಂದು ಗೊತ್ತಿದ್ದವರಿಗೆ ಬೇರೆ ಚಿಂತೆಯಿಲ್ಲ, ಆ ಹುಡುಗನ ಚಿಂತೆ ಮಾಡಲು ಅವರ ಮನಸ್ಸು ಖಾಲಿಯಿರುತ್ತದೆ. ಗೆಲ್ಲುತ್ತಾನೆಂದು ತಿಳಿದೂ ಸೋಲುವಾಗ ಸಂಕಟ ಪಡುತ್ತಾರೆ. ಮುಂದೆ ತನ್ನ ಹೆಂಡತಿಯಾದ ಹುಡುಗಿಗೆ ತಮ್ಮ ಮೊದಲ ಸಲ ಬೀಗದ ಕೈ ಕೊಡುವಾಗ ತಾವು ಅಂಗಡಿಯ ಎದುರಿಗೇ ನಿಂತು, ಮಾತಾಡೋ, ಮಾತಾಡೋ ಎಂದು ಮನಸ್ಸಿನಲ್ಲೇ ಬೇಡಿಕೊಂಡದ್ದು ಅವರಿಗೆ ನೆನಪಿದೆ. ಆ ದಿನ ಅವನೂ ತಲೆ ಎತ್ತಲಿಲ್ಲ.

ಸಂಜೆ ಸರ್ಜನ್ ಬಂದರು. ಐಸಿಯುನಿಂದ ತಂದ ಗಾಲಿಮಂಚ ಆಗಲೇ ಬಾಗಿಲ ಹೊರಗೆ ನಿಂತಿತ್ತು. ಹೆಂಡತಿ ಅದರ ಕಡೆ ಬೆನ್ನು ಮಾಡಿ ನಿಂತಿದ್ದರು. ಸರ್ಜನ್ ಮೇಸ್ತ್ರಿಯನ್ನು ಮುಂದಕ್ಕೆ ಬಾಗಿಸಿ, ಬೆನ್ನಿನ ಎಡಕ್ಕೆ, ಬಲಕ್ಕೆ, ಕೆಳಗೆ ಸ್ಟೆತೊಸ್ಕೋಪ್ ಇಟ್ಟು ಕೇಳಿದರು.

"ಕೆಮ್ಮಿ."

ಮೇಸ್ತ್ರಿ ದಿಂಬು ತಬ್ಬಿಕೊಂಡು ಕೆಮ್ಮಿದರು. ನೋವಿಗೆ ಕಣ್ಣು ಚಿಕ್ಕದಾಯಿತು.

"ಇನ್ನೊಂದು ಸಲ, ಜೋರಾಗಿ."

ಕೆಮ್ಮಿದರು. ಸರ್ಜನ್ ಬಟ್ಟಲು ತರಿಸಿ ನೋಡಿದರು, ಜ್ವರದ ಚಾರ್ಟು ನೋಡಿದರು, ಮತ್ತೆ ಬೆನ್ನಿಗೆ ಸ್ಟೆತೊಸ್ಕೋಪ್ ಇಟ್ಟರು.

"ಬಲಗಡೆ ಕೆಳಗೆ ಇನ್ನೂ ಸ್ವಲ್ಪ ಇದೆ. ಆದ್ರೆ ಗಾಳಿ ಹೋಗ್ತಾ ಇದೆ. ಇಲ್ಲೇ ಇರಲಿ," ಎಂದು ದೊಡ್ಡ ಸಿಸ್ಟರಿಗೆ ಹೇಳಿ ಮುಂದಿನ ಮಂಚಕ್ಕೆ ನಡೆದರು. ಯಾರೋ ಗಾಲಿಮಂಚವನ್ನು ತಳ್ಳಿಕೊಂಡು ಹೋದರು. ಅದರ ಒಂದು ಗಾಲಿ ಕಾರಿಡಾರಿನ ಉದ್ದಕ್ಕೂ ಕಿರುಗುಟ್ಟಿತು.

ಹೆಂಡತಿ ಸ್ಟೂಲು ಎಳೆದುಕೊಂಡು ಕೂತರು. ಸೆರಗಿನಿಂದ ಮುಖ ಒರೆಸಿಕೊಂಡರು. ಪಾಳಿ ಮುಗಿಸಿ ಏಪ್ರನ್ ಬಿಚ್ಚುತ್ತಿದ್ದ ದಿಂಬಿನಕ್ಕನನ್ನು ಕೈ ಸನ್ನೆ ಮಾಡಿ ಕರೆದರು.

"ಅಕ್ಕ, ನಾನು ಇವರನ್ನೇ ನೋಡ್ತಿದ್ದೆ, ಸಿನಿಮಾ ನೋಡಲೇ ಇಲ್ಲ. ಆ ಹುಡುಗನ ಗತಿ ಏನಾಯ್ತು? ಕೊನೆಗಾದ್ರೂ ಹೇಳ್ತಾನಾ?"

ದಿಂಬಿನಕ್ಕ ಬಾಯಿ ತೆರೆದರು. ಮಂಚದ ಮೇಲಿಂದ ಒಂದು ಒರಟು ಕೈ ಮೇಲೆದ್ದಿತು.

"ಹೇಳ್ಬೇಡಿ ಅಕ್ಕ," ಎಂದರು ಮೇಸ್ತ್ರಿ. "ನಾಳೆ ನೋಡ್ತೀವಿ."